ಹಲ್ಲಿಲ್ಲದವರಿಗೂ ಕಡಲೆ ಬೇಕು

'ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ' ಎಂಬ ಗಾದೆಯನ್ನು ಕೇಳದವರಿಲ್ಲ. ಪರೀಕ್ಷೆಯಲ್ಲಿ ಇದನ್ನು ವಿಸ್ತರಿಸಿ ಬರೆಯಲು ಕೊಟ್ಟರೆ ವಿದ್ಯಾರ್ಥಿಗಳು ಅವಕಾಶ, ಸಾಮರ್ಥ್ಯ ಎಂದೆಲ್ಲ ಒಂದು ಪುಟ ತುಂಬಿಸುತ್ತಾರೆ. ಆದರೆ ಗಾದೆಯನ್ನು ಇದ್ದಂತೆಯೇ ಓದಿದರೆ ಅದೊಂದು ಆಹಾರವಿಜ್ಞಾನದ ಪ್ರಶ್ನೆ. ಹಲ್ಲು ಬಿದ್ದ ವಯಸ್ಸಿನಲ್ಲಿ ಮನುಷ್ಯನಿಗೆ ಕಡಲೆ ಬೇಕೋ ಬೇಡವೋ? 'ವಯಸ್ಸಾದವರಿಗೆ ಏನು ಬೇಕು, ಒಂದು ತುತ್ತು ಅನ್ನ, ಸಾರು ಇದ್ದರಾಯಿತು' ಎನ್ನುವವರೇ ಹೆಚ್ಚು. ವಿಜ್ಞಾನ ಹೇಳುವುದು ಇದಕ್ಕೆ ವಿರುದ್ಧವಾಗಿದೆ.

ಧಾರವಾಡ ಜಿಲ್ಲೆಯಲ್ಲಿ ಈ ಪ್ರಶ್ನೆ ಕೇಳುವುದಕ್ಕೆ ಕಾರಣವೂ ಇದೆ. ನವಲಗುಂದ, ಅಣ್ಣಿಗೇರಿಯ ಎರೆ ಭೂಮಿ ಹಿಂಗಾರಿ ಕಡಲೆಯ ತವರು. ದೇಶದ ಕಡಲೆ ಬೆಳೆಗಾರರಲ್ಲಿ 'ಅಣ್ಣಿಗೇರಿ-1' ಎಂಬ ತಳಿಯ ಹೆಸರು ದಶಕಗಳ ಕಾಲ ಮನೆಮಾತಾಗಿತ್ತು. ಸೊರಗು ರೋಗ ತಡೆದುಕೊಳ್ಳುವಂತೆ ಅದನ್ನೇ ಸುಧಾರಿಸಿ 2019ರಲ್ಲಿ 'ಸೂಪರ್ ಅಣ್ಣಿಗೇರಿ-1' ಎಂಬ ತಳಿಯನ್ನು ಬಿಡುಗಡೆ ಮಾಡಲಾಯಿತು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯವೂ ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯೂ ಸೇರಿ ಮಾಡಿದ ಕೆಲಸವಿದು. ಕುಂದಗೋಳದ ಕಡೆ ಹೆಸರು, ಶೇಂಗಾ. ಅರೆಮಲೆನಾಡಾದ ಕಲಘಟಗಿಯಲ್ಲಿ ಭತ್ತದ ಜೊತೆಗೆ ಸೋಯಾ. ಇಷ್ಟೊಂದು ಕಾಳು ಬೆಳೆಯುವ ಸೀಮೆಯಲ್ಲಿ ಮನೆಯ ಹಿರಿಯರ ತಾಟಿನಲ್ಲಿ ಕಾಳು ಎಷ್ಟಿದೆ ಎಂದು ನೋಡಿದರೆ ಲೆಕ್ಕ ತಾಳೆಯಾಗುವುದಿಲ್ಲ. ಚೀಲಗಳು ತುಂಬಿ ಎ.ಪಿ.ಎಂ.ಸಿ.ಗೆ ಹೋಗುತ್ತವೆ. ಅಜ್ಜಿಯ ತಾಟಿಗೆ ಬರುವುದು ತಿಳಿಸಾರು.

ಮೊದಲು ಹೆಸರಿನ ವಿಚಾರ. ಕನ್ನಡ ಪಠ್ಯಪುಸ್ತಕಗಳಲ್ಲಿ ಪ್ರೋಟೀನಿಗೆ 'ಸಸಾರಜನಕ' ಎಂದು ಹೆಸರು. ಸಾರಜನಕವನ್ನು, ಅಂದರೆ ನೈಟ್ರೋಜನ್ನನ್ನು, ಒಡಲಲ್ಲಿಟ್ಟುಕೊಂಡದ್ದು ಸಸಾರಜನಕ. 1838ರಲ್ಲಿ ಡಚ್ ರಸಾಯನಶಾಸ್ತ್ರಜ್ಞ ಮುಲ್ಡರ್ ಬಳಕೆಗೆ ತಂದ 'ಪ್ರೋಟೀನ್' ಎಂಬ ಪದಕ್ಕೆ ಗ್ರೀಕ್ ಮೂಲದಲ್ಲಿ 'ಮೊದಲ ಸ್ಥಾನದ್ದು' ಎಂಬ ಅರ್ಥವಿದೆ. ಕನ್ನಡದ ಹೆಸರೇ ಹೆಚ್ಚು ಉಪಯುಕ್ತ. ಅದು ವಸ್ತುವಿನ ಗುಣವನ್ನೇ ಹೇಳುತ್ತದೆ. ಅಕ್ಕಿಯ ಪಿಷ್ಟದಲ್ಲಾಗಲಿ ಎಣ್ಣೆಯಲ್ಲಾಗಲಿ ಸಾರಜನಕವಿಲ್ಲ. ಸಸಾರಜನಕದಲ್ಲಿ ತೂಕದ ಶೇಕಡಾ 16ರಷ್ಟು ಅದೇ ಇರುತ್ತದೆ. ಪ್ರಯೋಗಾಲಯದಲ್ಲಿ ಕಾಳಿನ ಸಾರಜನಕವನ್ನು ಅಳೆದು 6.25ರಿಂದ ಗುಣಿಸಿ ಸಸಾರಜನಕದ ಪ್ರಮಾಣ ಹೇಳುವುದು ಇದೇ ಕಾರಣಕ್ಕೆ. 100ನ್ನು 16ರಿಂದ ಭಾಗಿಸಿದರೆ ಬರುವುದೇ 6.25.

ಗಾಳಿಯಲ್ಲಿ ಶೇಕಡಾ 78ರಷ್ಟು ಸಾರಜನಕವಿದ್ದರೂ ಉಸಿರಿನೊಂದಿಗೆ ಒಳಗೆ ಹೋದದ್ದು ಹಾಗೆಯೇ ಹೊರಗೆ ಬರುತ್ತದೆ. ಅದನ್ನು ಹಿಡಿದು ಗಿಡಕ್ಕೆ ಉಣಿಸುವ ಕೆಲಸ ಕಡಲೆಯ ಬೇರಿನಲ್ಲಿ ಮನೆಮಾಡಿದ ರೈಜೋಬಿಯಂ ಎಂಬ ಸೂಕ್ಷ್ಮಜೀವಿಯದು. ವಿದ್ಯಾರ್ಥಿಗಳು ಡಿಸೆಂಬರ್ ಸುಮಾರಿಗೆ, ಕಡಲೆ ಹೂ ಬಿಡುವ ಕಾಲದಲ್ಲಿ, ಒಂದು ಗಿಡವನ್ನು ಬೇರು ಹರಿಯದಂತೆ ಅಗೆದು ನೀರಿನಲ್ಲಿ ತೊಳೆದು ನೋಡಬೇಕು. (ಸ್ವಂತ ಹೊಲದ್ದಾದರೆ ಒಳ್ಳೆಯದು!) ಬೇರಿಗೆ ಅಂಟಿದ ಗಂಟುಗಳನ್ನು ಉಗುರಿನಿಂದ ಒಡೆದರೆ ಒಳಗೆ ನಸುಗೆಂಪು ಬಣ್ಣ ಕಾಣುತ್ತದೆ. ಅದು ಲೆಗ್‌ಹಿಮೋಗ್ಲೋಬಿನ್, ಮನುಷ್ಯನ ರಕ್ತದ ಹಿಮೋಗ್ಲೋಬಿನ್ನಿನ ದೂರದ ನೆಂಟ. ಗಂಟಿನೊಳಗೆ ಗುಲಾಬಿ ಬಣ್ಣವಿದ್ದರೆ ಕಾರ್ಖಾನೆ ನಡೆಯುತ್ತಿದೆ ಎಂದು ತಿಳಿಯಬೇಕು. ನವಲಗುಂದದ ಗಾಳಿ ಕಡಲೆಯ ಬೇರಿಗಿಳಿದು, ಕಾಳಾಗಿ, ಕೊನೆಗೆ ಮನುಷ್ಯನ ತೋಳಿನ ಸ್ನಾಯುವಾಗುವ ದಾರಿ ಇದು.

ಸ್ನಾಯುವೆಂದರೆ ಭಾರ ಎತ್ತುವ ಯಂತ್ರ ಮಾತ್ರ ಎಂದು ತಿಳಿಯಬಾರದು. ಕೊಬ್ಬನ್ನು ದೇಹ ಹೊಟ್ಟೆಯ ಸುತ್ತ ಕೂಡಿಡುತ್ತದೆ, ಸಕ್ಕರೆಯನ್ನು ಸ್ವಲ್ಪಮಟ್ಟಿಗೆ ಯಕೃತ್ತಿನಲ್ಲಿಡುತ್ತದೆ. ಸಸಾರಜನಕಕ್ಕೆ ಅಂಥ ಪ್ರತ್ಯೇಕ ಕಣಜವಿಲ್ಲ. ಸ್ನಾಯುವೇ ಕಣಜ. ವಯಸ್ಕರ ದೇಹದಲ್ಲಿ ದಿನಕ್ಕೆ ಸುಮಾರು 250ರಿಂದ 300 ಗ್ರಾಂ ಸಸಾರಜನಕ ಒಡೆದು ಮತ್ತೆ ಕಟ್ಟಲ್ಪಡುತ್ತದೆ. ಹಳೆಯ ಮನೆಯ ಇಟ್ಟಿಗೆಗಳನ್ನೇ ಬಳಸಿ ಹೊಸ ಗೋಡೆ ಏರಿಸಿದಂತೆ ಒಡೆದುದರಲ್ಲಿ ಬಹುಪಾಲು ಮರುಬಳಕೆಯಾಗುತ್ತದೆ. ಹಾಳಾದಷ್ಟನ್ನು ಊಟದಿಂದ ತುಂಬಬೇಕು. ತುಂಬದಿದ್ದರೆ? ಹೃದಯ ನಿಲ್ಲುವಂತಿಲ್ಲ, ರೋಗ ತಡೆಯುವ ಶಕ್ತಿ ಕುಂದುವಂತಿಲ್ಲ. ಆದ್ದರಿಂದ ದೇಹ ತೊಡೆಯ ಸ್ನಾಯುವಿಗೆ ಕೈ ಹಾಕುತ್ತದೆ.

ಜ್ವರ ಬಂದು ಎಂಟು ದಿನ ಹಾಸಿಗೆ ಹಿಡಿದ ಅಜ್ಜ ಎದ್ದ ಮೇಲೆ 'ಕಾಲಾಗ ಶಕ್ತೀನ ಇಲ್ಲೋ ತಮ್ಮಾ' ಎನ್ನುವುದು ಬರೀ ಮಾತಲ್ಲ. ಅಮೆರಿಕದಲ್ಲಿ ಆರೋಗ್ಯವಂತರಾದ ಕೆಲವು ವೃದ್ಧರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ನೋಡಿದರು. ಅವರ ಕಾಲುಗಳ ಕೊಬ್ಬಿಲ್ಲದ ಭಾಗವೇ ಸರಾಸರಿ ಒಂದು ಕಿಲೋದಷ್ಟು ಕರಗಿತ್ತು. 2007ರಲ್ಲಿ ಪ್ರಕಟವಾದ ಫಲಿತಾಂಶವಿದು. ನೆನಪಿಡಿ, ಅವರಿಗೆ ಕಾಯಿಲೆಯೇ ಇರಲಿಲ್ಲ, ಮೂರು ಹೊತ್ತು ಊಟವೂ ಇತ್ತು.

ನಲವತ್ತು ದಾಟಿದ ಮೇಲೆ ಸ್ನಾಯು ನಿಧಾನವಾಗಿ ಸವೆಯತೊಡಗುತ್ತದೆ, ಅರವತ್ತರ ನಂತರ ಸವೆತ ವೇಗ ಪಡೆಯುತ್ತದೆ. ಇದಕ್ಕೆ 1989ರಲ್ಲಿ ರೋಸೆನ್‌ಬರ್ಗ್ ಎಂಬ ವಿಜ್ಞಾನಿ 'ಸಾರ್ಕೋಪೀನಿಯಾ' ಎಂದು ಹೆಸರಿಟ್ಟರು. ಗ್ರೀಕ್‌ನಲ್ಲಿ 'ಮಾಂಸದ ಬಡತನ' ಎಂದರ್ಥ. ಮನೆಯಲ್ಲಿಯೇ ಇದನ್ನು ಗುರುತಿಸಲು ಒಂದು ಸುಲಭ ಪರೀಕ್ಷೆಯಿದೆ. ಹಿರಿಯರನ್ನು ಗೋಡೆಗೆ ಆನಿಸಿದ ಖುರ್ಚಿಯ ಮೇಲೆ ಕೂರಿಸಿ, ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಐದು ಸಲ ಎದ್ದು ಕೂರಲು ಹೇಳಬೇಕು. ಏಷ್ಯಾದ ತಜ್ಞರು 2019ರಲ್ಲಿ ಒಪ್ಪಿಕೊಂಡ ಅಳತೆಯಂತೆ 12 ಸೆಕೆಂಡ್ ಅಥವಾ ಅದಕ್ಕೂ ಹೆಚ್ಚು ಹಿಡಿದರೆ ಕಾಲಿನ ಬಲ ತಗ್ಗಿದೆ ಎಂದು ಅನುಮಾನಿಸಬೇಕು. ಮೊಮ್ಮಕ್ಕಳು ಗಡಿಯಾರ ಹಿಡಿಯಲಿ, ಆದರೆ ದೊಡ್ಡವರೊಬ್ಬರು ಪಕ್ಕದಲ್ಲಿ ನಿಂತಿರಲಿ.

ಕಾಲಿನ ಬಲ ಹೋದರೆ ಬಚ್ಚಲಿನಲ್ಲಿ ಜಾರುವುದು, ಸೊಂಟದ ಎಲುಬು ಮುರಿಯುವುದು, ಮತ್ತೆ ಹಾಸಿಗೆ, ಮತ್ತೆ ಸವೆತ. ಎಷ್ಟೋ ಮನೆಗಳಲ್ಲಿ ಮುಪ್ಪಿನ ಕೊನೆಯ ಅಧ್ಯಾಯ ಹೀಗೆ ಶುರುವಾಗುತ್ತದೆ. ಸಕ್ಕರೆ ಕಾಯಿಲೆಗೂ ಇದರ ನಂಟಿದೆ. ಊಟದ ನಂತರ ರಕ್ತಕ್ಕೆ ಬಂದ ಸಕ್ಕರೆಯನ್ನು ಹೀರಿಕೊಳ್ಳುವ ದೊಡ್ಡ ಅಂಗ ಸ್ನಾಯುವೇ. ಅದು ಕುಗ್ಗಿದರೆ ಸಕ್ಕರೆ ರಕ್ತದಲ್ಲೇ ಸುತ್ತುತ್ತದೆ.

ಹಾಗಾದರೆ ಎಷ್ಟು ಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಗೊತ್ತುಪಡಿಸಿದ್ದು ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ. ಅಂದರೆ 65 ಕಿಲೋ ತೂಕದ ಗಂಡಸಿಗೆ 54 ಗ್ರಾಂ, 55 ಕಿಲೋ ತೂಕದ ಹೆಂಗಸಿಗೆ 46 ಗ್ರಾಂ. ವಯಸ್ಸಾದವರ ಸ್ನಾಯು ಸ್ವಲ್ಪ ಮಂದಕಿವಿಯದು. ಊಟದಲ್ಲಿ ಬಂದ ಸಸಾರಜನಕದ ಕೂಗು ಅದಕ್ಕೆ ಬೇಗ ಕೇಳಿಸದು. ಹಾಗಾಗಿ 2013ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪೊಂದು 65 ದಾಟಿದವರಿಗೆ ಕಿಲೋಗೆ 1ರಿಂದ 1.2 ಗ್ರಾಂ ಬೇಕೆಂದು ಹೇಳಿತು. ಮುದುಕರಿಗೆ ಕಡಿಮೆ ಸಾಕು ಎಂಬ ಲೋಕರೂಢಿ ಇಲ್ಲಿ ತಲೆಕೆಳಗಾಗುತ್ತದೆ. ಅವರಿಗೆ ಅನ್ನ ಕಡಿಮೆ ಸಾಕು, ಕಾಳು ಕಡಿಮೆ ಸಾಲದು.

ಒಂದು ಲೆಕ್ಕ ಹಾಕೋಣ. 50 ಕಿಲೋ ತೂಕದ ಎಪ್ಪತ್ತರ ಅಜ್ಜಿ ಎಂದುಕೊಳ್ಳಿ. ದಿನಕ್ಕೆ 50 ಗ್ರಾಂ ಬೇಕು. ಮುಂಜಾನೆ ಒಂದು ಬಟ್ಟಲು ಚುರುಮುರಿ ಸುಸಲಾ, 3 ಗ್ರಾಂ. ಮಧ್ಯಾಹ್ನ 100 ಗ್ರಾಂ ಅಕ್ಕಿಯ ಅನ್ನ, 8 ಗ್ರಾಂ. ಹತ್ತು ಗ್ರಾಂ ಬೇಳೆ ಕರಗಿದ ತಿಳಿಸಾರು, 2 ಗ್ರಾಂ. ರಾತ್ರಿ ಮುಕ್ಕಾಲು ಪಾಲು ಅನ್ನ, 6 ಗ್ರಾಂ. ಅದೇ ಸಾರು, 2 ಗ್ರಾಂ. ದಿನದ ಚಹಾಗಳಿಗೆಲ್ಲ ಬಿದ್ದ ಹಾಲಿನಿಂದ 3 ಗ್ರಾಂ. ಒಟ್ಟು 24. ಬೇಕಾದುದರ ಅರ್ಧವೂ ಆಗಲಿಲ್ಲ. ಹೊಟ್ಟೆ ಮಾತ್ರ ತುಂಬಿದೆ, ಆದ್ದರಿಂದ ಕೊರತೆ ಯಾರಿಗೂ ಕಾಣುವುದಿಲ್ಲ.

ಈಗ ಅದೇ ಅಜ್ಜಿಗೆ ಈ ಸೀಮೆಯ ಹಳೆಯ ಊಟ ಬಡಿಸಿ ನೋಡಿ. ಸುಸಲಾದ ಮೇಲೆ ಹೇಗೂ ಉದುರಿಸುವ ಪುಟಾಣಿ ಹಿಟ್ಟನ್ನು ಚಿಟಿಕೆಯ ಬದಲು 30 ಗ್ರಾಂ ಮಾಡಿದರೆ ಮುಂಜಾನೆಗೆ 9 ಗ್ರಾಂ. ಮಧ್ಯಾಹ್ನ ಎರಡು ಜೋಳದ ರೊಟ್ಟಿ, 10. ಒಣಕಾಳಿನ ಲೆಕ್ಕದಲ್ಲಿ 30 ಗ್ರಾಂ ಹೆಸರುಕಾಳಿನ ಪಲ್ಯ, 7. ಒಂದು ಚಮಚ ಶೇಂಗಾ ಚಟ್ನಿ, 4. ಒಂದು ಬಟ್ಟಲು ಎಮ್ಮೆಯ ಮೊಸರು, 3. ರಾತ್ರಿ ಸ್ವಲ್ಪ ಅನ್ನ, ಗಟ್ಟಿ ಬೇಳೆ, 10. ಮಲಗುವಾಗ ಒಂದು ಲೋಟ ಹಾಲು, 5. ಚಹಾದ 3 ಸೇರಿದರೆ 51. ತತ್ತಿ ತಿನ್ನುವ ಮನೆಯಾದರೆ ಒಂದಕ್ಕೆ 6 ಗ್ರಾಂ ಬೇರೆ. ಇದರಲ್ಲಿ ಪೇಟೆಯಿಂದ ತರಬೇಕಾದ ಡಬ್ಬಿ ಒಂದೂ ಇಲ್ಲ.

ರೊಟ್ಟಿಯ ಜೊತೆ ಕಾಳುಪಲ್ಯ ಏಕೆ ಎಂಬುದಕ್ಕೂ ರಸಾಯನಶಾಸ್ತ್ರದ ಉತ್ತರವಿದೆ. ಸಸಾರಜನಕ ಇಪ್ಪತ್ತು ಬಗೆಯ ಅಮೈನೋ ಆಮ್ಲಗಳೆಂಬ ಮಣಿಗಳಿಂದ ಪೋಣಿಸಿದ ಸರ. ಅವುಗಳಲ್ಲಿ ಒಂಬತ್ತನ್ನು ದೇಹ ಸ್ವತಃ ಮಾಡಿಕೊಳ್ಳಲಾರದು. ಜೋಳದಲ್ಲಿ ಲೈಸಿನ್ ಎಂಬ ಮಣಿಯ ಕೊರತೆ. ಸಾಲದ್ದಕ್ಕೆ ಬೇಯಿಸಿದ ಜೋಳದ ಸಸಾರಜನಕ ಗೋಧಿಯದರಷ್ಟು ಸುಲಭವಾಗಿ ಜೀರ್ಣವಾಗದು. ಕಡಲೆ, ಹೆಸರು, ತೊಗರಿಗಳಲ್ಲಿ ಲೈಸಿನ್ ಧಾರಾಳ, ಮೆಥಿಯೊನಿನ್ ಕಡಿಮೆ. ಆ ಮೆಥಿಯೊನಿನ್ ಧಾನ್ಯಗಳಲ್ಲಿದೆ. ಒಂದರ ಕೊರತೆ ಇನ್ನೊಂದರಿಂದ ನೀಗುತ್ತದೆ. ಎಳ್ಳ ಅಮವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲಿ ಕೂತು ಉಣ್ಣುವ ಸಜ್ಜಿರೊಟ್ಟಿ, ಕಾಳುಪಲ್ಯ, ಹಿಂಡಿಗಳ ಊಟವನ್ನು ಯಾವ ಆಹಾರತಜ್ಞರೂ ತಿದ್ದಬೇಕಾಗಿಲ್ಲ. ವರ್ಷದ ಉಳಿದ ದಿನಗಳ ಊಟವನ್ನು ಮಾತ್ರ ತಿದ್ದಬೇಕು.

ಇನ್ನು ರೋಗಗಳ ಮಾತು. ಅಮೆರಿಕದಲ್ಲಿ 48 ಸಾವಿರಕ್ಕೂ ಹೆಚ್ಚು ನರ್ಸ್‌ಗಳ ಆಹಾರದ ವಿವರವನ್ನು 1984ರಿಂದ ಬರೆದಿಟ್ಟುಕೊಂಡು ಮೂರು ದಶಕ ಹಿಂಬಾಲಿಸಿದ ಅಧ್ಯಯನವೊಂದರ ಫಲಿತಾಂಶ 2024ರಲ್ಲಿ ಬಂತು. ಕ್ಯಾನ್ಸರ್, ಹೃದ್ರೋಗ, ಮಧುಮೇಹದಂಥ ದೊಡ್ಡ ಕಾಯಿಲೆಗಳಿಲ್ಲದೆ, ನೆನಪು, ಮನಸ್ಸು, ಕೈಕಾಲು ಎಲ್ಲ ಗಟ್ಟಿಯಾಗಿಟ್ಟುಕೊಂಡು ವೃದ್ಧಾಪ್ಯ ತಲುಪಿದವರು ಹತ್ತರಲ್ಲಿ ಒಬ್ಬರೂ ಇರಲಿಲ್ಲ. ನಡುವಯಸ್ಸಿನಲ್ಲಿ ಸಸ್ಯಮೂಲದ ಸಸಾರಜನಕ ಹೆಚ್ಚು ತಿಂದವರಿಗೆ ಆ ಭಾಗ್ಯ ಸಿಗುವ ಸಂಭವ ಎದ್ದು ಕಾಣುವಷ್ಟು ಹೆಚ್ಚಿತ್ತು. ನಲವತ್ತರ ತಾಯಂದಿರು ಇದನ್ನು ಗಮನಿಸಬೇಕು. ಎಲ್ಲರಿಗೂ ಬಡಿಸಿ ಪಾತ್ರೆಯ ತಳದಲ್ಲಿ ಉಳಿದ ಸಾರಿನಲ್ಲಿ ಊಟ ಮುಗಿಸುವವರು ಅವರೇ.

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಒಂದು ಆಕ್ಷೇಪ ಎತ್ತಬಹುದು, ಎತ್ತಲೇಬೇಕು. ಕಾಳು ಹೆಚ್ಚು ತಿನ್ನುವವರು ನಡಿಗೆಯನ್ನೂ ಹೆಚ್ಚು ಮಾಡುವವರಿರಬಹುದಲ್ಲ, ಬೀಡಿ ಸಿಗರೇಟು ಮುಟ್ಟದವರಿರಬಹುದಲ್ಲ? ಸಂಶೋಧಕರು ಇಂಥವನ್ನು ಲೆಕ್ಕದಲ್ಲಿ ಕಳೆಯಲು ಪ್ರಯತ್ನಿಸುತ್ತಾರೆ, ಪೂರ್ತಿ ಕಳೆಯಲಾಗುವುದಿಲ್ಲ. ಎರಡು ಸಂಗತಿಗಳು ಒಟ್ಟಿಗೆ ಕಂಡುಬಂದವೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಸಿದ್ಧವಾಗದು. ಈ ಎಚ್ಚರ ಇಟ್ಟುಕೊಂಡೇ 2014ರ ಇನ್ನೊಂದು ಅಧ್ಯಯನವನ್ನೂ ನೋಡಬೇಕು. ಅಮೆರಿಕದ ಆರು ಸಾವಿರಕ್ಕೂ ಹೆಚ್ಚು ಜನರ ವಿವರಗಳಿಂದ ತಿಳಿದದ್ದು ಇಷ್ಟು: 50ರಿಂದ 65ರ ವಯಸ್ಸಿನಲ್ಲಿ ಅತಿ ಹೆಚ್ಚು ಸಸಾರಜನಕ ತಿಂದವರಲ್ಲಿ ಕ್ಯಾನ್ಸರ್ ಸಾವು ಹೆಚ್ಚು, 65 ದಾಟಿದವರಲ್ಲಿ ಅದೇ ಆಹಾರದಿಂದ ಸಾವು ಕಡಿಮೆ. ಸಸಾರಜನಕ ಸಸ್ಯಮೂಲದ್ದಾದಾಗ ಮೊದಲಿನ ಅಪಾಯವೂ ತಗ್ಗಿತ್ತು. ಅಲ್ಲಿ 'ಹೆಚ್ಚು' ಎಂದರೆ ಶಕ್ತಿಯ ಐದನೆಯ ಒಂದು ಭಾಗ ಅಥವಾ ಅದಕ್ಕೂ ಮೇಲ್ಪಟ್ಟು ಸಸಾರಜನಕದಿಂದಲೇ ಬರುವ, ಮಾಂಸ ಪ್ರಧಾನವಾದ ಊಟ. ಅನ್ನ ಸಾರಿನ ಮನೆಯವರು ಅದನ್ನು ಓದಿ ಬೇಳೆಗೆ ಹೆದರಿದರೆ ನೆರೆಯೂರಿನ ಪ್ರವಾಹಕ್ಕೆ ಬರಗಾಲದ ಊರಿನವರು ಹೆದರಿದಂತೆ.

ಭಾರತದವರ ತೊಂದರೆ ಇನ್ನೊಂದು ತುದಿಯದು. ದೇಶದ ಊಟದಲ್ಲಿ ಶಕ್ತಿಯ ಶೇಕಡಾ 60ಕ್ಕೂ ಮಿಕ್ಕ ಪಾಲು ಅಕ್ಕಿ, ಗೋಧಿ, ಸಕ್ಕರೆಯಿಂದ ಬರುತ್ತದೆ. ಐ.ಸಿ.ಎಂ.ಆರ್.-ಇಂಡಿಯಾಬ್ ಎಂಬ ದೇಶವ್ಯಾಪಿ ಮಧುಮೇಹ ಅಧ್ಯಯನದ ತಂಡ 2022ರಲ್ಲಿ ಪ್ರಕಟಿಸಿದ ಲೆಕ್ಕಾಚಾರದಂತೆ, ಹೊಸದಾಗಿ ಸಕ್ಕರೆ ಕಾಯಿಲೆ ಕಂಡವರು ಪಿಷ್ಟದ ಪಾಲನ್ನು ಅರ್ಧದ ಆಸುಪಾಸಿಗೆ ಇಳಿಸಿ ಸಸಾರಜನಕವನ್ನು ಶೇಕಡಾ 20ರ ಹತ್ತಿರ ತಂದರೆ ಕಾಯಿಲೆ ಹಿಮ್ಮೆಟ್ಟುವ ಸಂಭವವಿದೆ.

ಒಂದು ಗುಂಪಿಗೆ ಮಾತ್ರ ಈ ಲೇಖನದ ಲೆಕ್ಕ ಅನ್ವಯಿಸುವುದಿಲ್ಲ. ಮೂತ್ರಪಿಂಡ ದುರ್ಬಲವಾದವರು. ಸಸಾರಜನಕದ ಬೂದಿ ಎನ್ನಬಹುದಾದ ಯೂರಿಯಾವನ್ನು ಹೊರಹಾಕುವುದು ಮೂತ್ರಪಿಂಡದ ಕೆಲಸ. ಬಹಳ ವರ್ಷಗಳಿಂದ ಸಕ್ಕರೆ ಅಥವಾ ರಕ್ತದೊತ್ತಡ ಇದ್ದವರು ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿಕೊಂಡು, ವೈದ್ಯರು ಹೇಳಿದ ಮಿತಿಯಲ್ಲೇ ತಿನ್ನಬೇಕು. ಮೂತ್ರಪಿಂಡ ಸರಿಯಿದ್ದವರಿಗೆ ಮೇಲೆ ಹೇಳಿದಷ್ಟರಿಂದ ತೊಂದರೆಯಿಲ್ಲ.

ವ್ಯಾಯಾಮಶಾಲೆಗೆ ಹೋಗುವ ಹುಡುಗರು ಕೊಳ್ಳುವ ಪ್ರೋಟೀನ್ ಪುಡಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೈ ಬೆಳೆಸಲು ಅಂಥ ಪುಡಿಗಳನ್ನು ಬಳಸಬೇಡಿ ಎಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯೇ 2024ರ ಮಾರ್ಗಸೂಚಿಯಲ್ಲಿ ಹೇಳಿದೆ. ಶಾಲೆಯ ಮಕ್ಕಳಿಗೆ 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ 150 ಮಿ.ಲೀ. ಹಾಲು, ನಂತರ ಸೇರಿದ ತತ್ತಿ, ತತ್ತಿ ತಿನ್ನದವರಿಗೆ ಬಾಳೆಹಣ್ಣು ಎಲ್ಲ ಒಳ್ಳೆಯವೇ. (ಸಸಾರಜನಕದ ದೃಷ್ಟಿಯಿಂದ ಬಾಳೆಹಣ್ಣು ತತ್ತಿಗೆ ಬದಲಿಯಲ್ಲ.) ಇದರ ಜೊತೆ ಹೊಟ್ಟೆಯೂ ತುಂಬಿರಬೇಕು. ಶಕ್ತಿಗೆ ಅನ್ನ ಸಾಲದಿದ್ದರೆ ದೇಹ ಸಸಾರಜನಕವನ್ನೇ ಸುಡುತ್ತದೆ, ಉರುವಲಿಲ್ಲದೆ ಮನೆಯ ತೊಲೆಯನ್ನು ಒಲೆಗೆ ಹಾಕಿದಂತೆ.

ಹಿರಿಯರಿಗೆ ಕಾಳು ಬಡಿಸಿದರೆ 'ವಾಯು ಆಗತೈತಿ' ಎಂದು ತಾಟು ಸರಿಸುವುದುಂಟು. ಅದು ಸುಳ್ಳಲ್ಲ. ಕಾಳುಗಳಲ್ಲಿನ ಕೆಲವು ಸಕ್ಕರೆಗಳು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಸೂಕ್ಷ್ಮಜೀವಿಗಳಿಂದ ಅನಿಲವಾಗುತ್ತವೆ. ರಾತ್ರಿ ನೆನೆಹಾಕಿ ಆ ನೀರು ಚೆಲ್ಲಿ, ಮೊಳಕೆ ಬರಿಸಿ ಚೆನ್ನಾಗಿ ಬೇಯಿಸಿದರೆ ಬಹುಪಾಲು ತಗ್ಗುತ್ತದೆ. ಮೊದಲು ಹೆಸರು, ಆಮೇಲೆ ಮಡಿಕೆ, ಕೊನೆಗೆ ಕಡಲೆ ಎಂದು ವಾರವಾರಕ್ಕೆ ಸ್ವಲ್ಪಸ್ವಲ್ಪ ಏರಿಸುವುದು ಒಳ್ಳೆಯದು. ಹಲ್ಲಿಲ್ಲದವರಿಗೆ ಹೆಸರುಬೇಳೆ ಖಿಚಡಿ, ಝುಣಕ, ಜೋಳದ ನುಚ್ಚಿಗೆ ಗಟ್ಟಿ ಬೇಳೆ ಮತ್ತು ಮಜ್ಜಿಗೆ. ಎಲ್ಲವನ್ನೂ ರಾತ್ರಿಯೊಂದೇ ಊಟಕ್ಕೆ ಬಿಡದೆ ಮೂರು ಹೊತ್ತಿಗೂ ಹಂಚಬೇಕು. ಮತ್ತು ತಿಂದದ್ದು ಸ್ನಾಯುವಾಗಬೇಕಾದರೆ ಆ ಸ್ನಾಯುವಿಗೆ ಕೆಲಸವಿರಬೇಕು. ಅಗಸೆಯವರೆಗೆ ನಡೆದು ಬರುವುದು, ಖುರ್ಚಿಯಿಂದ ಎದ್ದು ಕೂರುವುದನ್ನು ದಿನಾ ಹತ್ತು ಸಲ ಮಾಡುವುದು ಕೂಡ ಕೆಲಸವೇ. 'ಕುಂದರ್ರಿ, ನಾವ್ ಮಾಡ್ತೀವಿ' ಎನ್ನುವ ಮಕ್ಕಳ ಪ್ರೀತಿಯೇ ಕೆಲವೊಮ್ಮೆ ಕಾಲಿನ ಬಲ ಕಳೆಯುತ್ತದೆ.

ಕೊನೆಗೆ ಒಂದು ಪುಡಿ. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಡಾ. ವಿ. ಸುಬ್ರಹ್ಮಣ್ಯನ್ ನಿರ್ದೇಶಕರಾಗಿದ್ದಾಗ, 'ಇಂಡಿಯನ್ ಮಲ್ಟಿಪರ್ಪಸ್ ಫುಡ್' ಎಂಬ ಪೌಷ್ಟಿಕ ಹಿಟ್ಟೊಂದನ್ನು ತಯಾರಿಸಿತು. ಎಣ್ಣೆ ತೆಗೆದ ಶೇಂಗಾ ಹಿಟ್ಟು ಮುಕ್ಕಾಲು ಪಾಲು, ಕಡಲೆ ಹಿಟ್ಟು ಕಾಲು ಪಾಲು, ಮೇಲೆ ಒಂದಿಷ್ಟು ಸುಣ್ಣದಂಶ ಮತ್ತು ಜೀವಸತ್ವಗಳು. ಕುಂದಗೋಳದ ಶೇಂಗಾ, ಅಣ್ಣಿಗೇರಿಯ ಕಡಲೆ! ಮನೆಯಲ್ಲಿ ಹುರಿದ ಶೇಂಗಾ ಮತ್ತು ಪುಟಾಣಿಯನ್ನು ಸಮಪಾಲು ಕುಟ್ಟಿ ಡಬ್ಬಿಗೆ ತುಂಬಿದರೆ ಅದರದೇ ಬಡ ತಮ್ಮ ಸಿದ್ಧ. ಎರಡು ದೊಡ್ಡ ಚಮಚ, ಅಂದರೆ 30 ಗ್ರಾಂ ಪುಡಿಯಲ್ಲಿ ಸುಮಾರು 7 ಗ್ರಾಂ ಸಸಾರಜನಕ. ಹಾಲಿಗೆ, ಗಂಜಿಗೆ, ಮೊಸರನ್ನಕ್ಕೆ ಕಲಸಿ ಕೊಡಬಹುದು. ಆದರೆ ಶೇಂಗಾ ಆರಿಸುವಾಗ ಕಣ್ಣಿಗೆ ಕೆಲಸ ಕೊಡಬೇಕು. ಮಳೆಗೆ ಸಿಕ್ಕು ಬೂಷ್ಟು ಹಿಡಿದ ಶೇಂಗಾದಲ್ಲಿ ಆಫ್ಲಾಟಾಕ್ಸಿನ್ ಎಂಬ ವಿಷವಿರುತ್ತದೆ, ಅದು ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುವಂಥದು, ಹುರಿದರೂ ಪೂರ್ತಿ ಹೋಗದು. ಬಣ್ಣಗೆಟ್ಟ, ಸುಕ್ಕುಗಟ್ಟಿದ, ಕಹಿಯಾದ ಬೀಜಗಳನ್ನು ಹುರಿಯುವ ಮೊದಲೇ ಆರಿಸಿ ಎಸೆಯಬೇಕು, ದನಕ್ಕೂ ಹಾಕಬಾರದು. ಪುಡಿಯನ್ನು ಹದಿನೈದು ದಿನಕ್ಕಾಗುವಷ್ಟೇ ಮಾಡಿಕೊಂಡು ಒಣಗಿದ ಡಬ್ಬಿಯಲ್ಲಿಡಬೇಕು.